ರೋಗಿಯ ಮಾತೇ ಮೊದಲ ಪರೀಕ್ಷೆ

ಈಗ ನಮ್ಮ ಊರುಗಳ ಯಾವ ಆಸ್ಪತ್ರೆಗೆ ಹೋದರೂ ಕುರ್ಚಿಯಲ್ಲಿ ಸರಿಯಾಗಿ ಕೂರುವ ಮೊದಲೇ ಒಂದು ಪ್ರಶ್ನೆ ಎದುರಾಗುತ್ತದೆ: "ರಿಪೋರ್ಟ್ ತಂದಿದ್ದೀರಾ?" ತಂದಿದ್ದರೆ ವೈದ್ಯರ ಕಣ್ಣು ಕಾಗದಕ್ಕೆ ಹೋಗುತ್ತದೆ. ತಂದಿರದಿದ್ದರೆ ಚೀಟಿಯ ಮೇಲೆ ಏಳೆಂಟು ಪರೀಕ್ಷೆಗಳ ಹೆಸರು ಬೀಳುತ್ತದೆ. "ಇಷ್ಟು ಮಾಡಿಸ್ಕೊಂಡು ಬನ್ನಿ, ಆಮೇಲೆ ನೋಡೋಣ." ನೋವು ಯಾವತ್ತು ಶುರುವಾಯಿತು, ಏನು ಮಾಡಿದರೆ ಹೆಚ್ಚುತ್ತದೆ, ಯಾವುದರಿಂದ ತಗ್ಗುತ್ತದೆ, ಕಸುಬೇನು, ಮನೆಯಲ್ಲಿ ಇನ್ಯಾರಿಗಾದರೂ ಹೀಗಾಗಿದೆಯೇ ಎಂಬ ಪ್ರಶ್ನೆಗಳೆಲ್ಲ ಅಲ್ಲಿಗೇ ನಿಲ್ಲುತ್ತವೆ. ವರದಿ ಬಂದ ಮೇಲೂ ಬಹಳ ಸಲ ಅವನ್ನು ಯಾರೂ ಕೇಳುವುದಿಲ್ಲ.

ಅವಸರದಿಂದ ಹೀಗಾಗುತ್ತದೆ ಎಂದು ಸಮಾಧಾನ ಹೇಳುವವರಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ಇದರ ಬುಡದಲ್ಲಿ ಬೇರುಬಿಟ್ಟ ಒಂದು ಅಭಿಪ್ರಾಯವಿದೆ. ರೋಗಿಯ ಬಾಯಿಂದ ಬರುವುದು ಕಥೆ, ಯಂತ್ರದಿಂದ ಬರುವುದು ಸತ್ಯ. ರೋಗದ ವಿವರ ಕೇಳಿ ತಿಳಿಯುವುದು, ಅಂದರೆ ಹಿಸ್ಟರಿ ತೆಗೆದುಕೊಳ್ಳುವುದು, ಎಂಬಿಬಿಎಸ್ ಪಾಸಾಗಲು ಕಲಿಯಬೇಕಾದ ಕ್ರಮ, ರೋಗ ಪತ್ತೆಯಾಗುವುದು ಲ್ಯಾಬಿನಲ್ಲಿ, ಸ್ಕ್ಯಾನಿಂಗ್ ಕೋಣೆಯಲ್ಲಿ. ರೋಗಿಯ ಜೊತೆ ಚೆನ್ನಾಗಿ ಮಾತಾಡುವುದು ಒಳ್ಳೆಯ ನಡತೆ. ಇದ್ದರೆ ಸಂತೋಷ, ಇಲ್ಲದಿದ್ದರೂ ಚಿಕಿತ್ಸೆಗೇನೂ ಕೊರತೆಯಿಲ್ಲ. ಹಿರಿಯ ವೈದ್ಯರು, ಆಸ್ಪತ್ರೆ ನಡೆಸುವವರು, ಹೌಸ್ ಸರ್ಜನ್‌ಗಳು, ಕಡೆಗೆ ರೋಗಿಗಳು ಕೂಡ ಇದನ್ನು ಒಪ್ಪಿಕೊಂಡಂತೆ ನಡೆಯುತ್ತಾರೆ. ವಾರ್ಡಿನಲ್ಲಿ ಪಾಠ ಹೇಳುವ ನಾನು ಈ ಅಭಿಪ್ರಾಯವನ್ನು ದಿನವೂ ಎದುರಿಸುತ್ತೇನೆ. ಇದು ತಪ್ಪು ಎಂದು ಹೇಳಲು ನನಗೆ ಕರುಣೆ, ಮಾನವೀಯತೆ ಎಂಬ ದೊಡ್ಡ ಮಾತುಗಳ ಅಗತ್ಯವಿಲ್ಲ. ವಿಜ್ಞಾನದ ಲೆಕ್ಕದಲ್ಲೇ ಇದು ತಪ್ಪು.

1975ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ಜೆ. ಆರ್. ಹ್ಯಾಂಪ್ಟನ್ ಮತ್ತು ಅವರ ಸಂಗಡಿಗರು ಸರಳವಾದ ಒಂದು ಅಧ್ಯಯನ ಮಾಡಿದರು. ಹೊಸದಾಗಿ ಬಂದ 80 ಹೊರರೋಗಿಗಳು. ಕಳಿಸಿದ ವೈದ್ಯರ ಪತ್ರ ಓದಿ, ರೋಗಿಯ ಮಾತು ಕೇಳಿ ಮುಗಿದೊಡನೆ ತಮಗೆ ತೋಚಿದ ರೋಗದ ಹೆಸರನ್ನು ವೈದ್ಯರು ಬರೆದಿಡಬೇಕು. ಮೈ ಮುಟ್ಟಿ ನೋಡಿದ ಮೇಲೆ ಮತ್ತೊಮ್ಮೆ, ಲ್ಯಾಬ್ ವರದಿಗಳೆಲ್ಲ ಬಂದ ಮೇಲೆ ಇನ್ನೊಮ್ಮೆ. ಕೊನೆಗೆ ಖಚಿತವಾದ ರೋಗಕ್ಕೆ ಹೋಲಿಸಿ ನೋಡಿದರೆ 66 ಜನರಲ್ಲಿ ಮಾತು ಕೇಳಿ ಬರೆದದ್ದೇ ಸರಿಯಾಗಿತ್ತು. ದೇಹಪರೀಕ್ಷೆಯಿಂದ ಉಪಯೋಗವಾದದ್ದು 7 ಜನರಲ್ಲಿ, ಲ್ಯಾಬಿನಿಂದ ಇನ್ನು 7 ಜನರಲ್ಲಿ. ಅದು ಸ್ಕ್ಯಾನಿಂಗ್ ಬರುವ ಮೊದಲಿನ ಕಾಲ ಎಂದು ಹೇಳುವವರಿಗೆ ಉತ್ತರ ಇದೆ. 1992ರಲ್ಲಿ ಅಮೆರಿಕದಲ್ಲಿ ಇದನ್ನೇ ಮತ್ತೆ ಮಾಡಿದರು. ಆ ಹೊತ್ತಿಗೆ ಸಿಟಿ, ಎಂಆರ್‌ಐ, ಎಕೋ ಎಲ್ಲ ಬಂದಿದ್ದವು. ಆಗಲೂ 80ರಲ್ಲಿ 61 ಜನರ ರೋಗ ಮಾತಿನಿಂದಲೇ ತಿಳಿದಿತ್ತು. 2000ದಲ್ಲಿ ನಮ್ಮ ದೇಶದಲ್ಲೇ ಸುಮಾರು ನೂರು ರೋಗಿಗಳ ಮೇಲೆ ನಡೆದ ಅಧ್ಯಯನದಲ್ಲೂ ಮುಕ್ಕಾಲು ಪಾಲಿಗಿಂತ ಹೆಚ್ಚು ಶ್ರೇಯಸ್ಸು ಹಿಸ್ಟರಿಗೇ ಸಂದಿತು. ಮೂರು ಕಾಲ, ಮೂರು ದೇಶ, ಒಂದೇ ಉತ್ತರ. ಇಷ್ಟು ಕೆಲಸ ಮಾಡಿಕೊಡುವ ಯಂತ್ರವೊಂದು ನಾಳೆ ಮಾರುಕಟ್ಟೆಗೆ ಬಂದರೆ ಪ್ರತಿ ಆಸ್ಪತ್ರೆಯೂ ಸಾಲ ಮಾಡಿಯಾದರೂ ಅದನ್ನು ಕೊಳ್ಳುತ್ತದೆ.

ಯಂತ್ರಗಳು ಇನ್ನಷ್ಟು ಸೂಕ್ಷ್ಮವಾದರೆ ಈ ಲೆಕ್ಕ ತಿರುಗಿಬೀಳಬಹುದೇ? ಕೆಲವು ರೋಗಗಳಲ್ಲಿ ಹೌದು. ಆದರೆ ದಿನನಿತ್ಯ ಬರುವ ಎಷ್ಟೋ ರೋಗಗಳಿಗೆ ಯಂತ್ರದಲ್ಲಿ ಗುರುತೇ ಇಲ್ಲ. ಅರೆತಲೆನೋವಿಗೆ ಯಾವ ರಕ್ತಪರೀಕ್ಷೆಯೂ ಇಲ್ಲ, ಸ್ಕ್ಯಾನೂ ಇಲ್ಲ. ಅದನ್ನು ತೀರ್ಮಾನಿಸುವುದು ರೋಗಿಯ ಮಾತು ಮಾತ್ರ. ಹೃದಯಕ್ಕೆ ರಕ್ತ ಸಾಲದೆ ಬರುವ ಎದೆನೋವನ್ನೇ ನೋಡಿ. ಸುಮ್ಮನೆ ಮಲಗಿಸಿ ತೆಗೆದ ಇಸಿಜಿ ಅದರಲ್ಲಿ ಪೂರ್ತಿ ಸರಿಯಾಗಿಯೇ ಇರಬಹುದು. "ಗ್ಯಾಸ್ಟ್ರಿಕ್ ಸರ್, ಎದೆಯಲ್ಲಿ ಹಿಡಿದುಕೊಂಡ ಹಾಗಾಗುತ್ತೆ" ಎಂದು ಬಂದವರಿಗೆ ಇಸಿಜಿ ತೆಗೆದು, ನಾರ್ಮಲ್ ಎಂದು ಹೇಳಿ, ಹೊಟ್ಟೆಯುರಿಯ ಮಾತ್ರೆ ಬರೆದು ಕಳಿಸುವುದು ದಿನವೂ ನಡೆಯುತ್ತದೆ. "ಏರು ಹತ್ತುವಾಗ ಬರುತ್ತದಾ? ನಿಂತುಕೊಂಡರೆ ನಾಲ್ಕೈದು ನಿಮಿಷದಲ್ಲಿ ಹೋಗುತ್ತದಾ? ಊಟವಾದ ಮೇಲೆ ನಡೆದರೆ ಹೆಚ್ಚಾಗುತ್ತದಾ?" ಈ ಮೂರು ಪ್ರಶ್ನೆಗಳಿಗೆ ಅರ್ಧ ನಿಮಿಷ ಸಾಕು. ಮೂರಕ್ಕೂ ಹೌದು ಎಂದವರನ್ನು ಇಸಿಜಿ ಏನೇ ಹೇಳಲಿ ಹಾಗೆಯೇ ಮನೆಗೆ ಕಳಿಸಕೂಡದು.

ಎಚ್ಚರ ತಪ್ಪಿ ಬೀಳುವವರ ವಿಷಯದಲ್ಲಿ ಆಗುವ ಅನ್ಯಾಯ ಇನ್ನೂ ದೊಡ್ಡದು. ಬಿದ್ದ ಹುಡುಗನಿಗೆ ಬಿದ್ದ ಕ್ಷಣದ ನೆನಪಿರುವುದಿಲ್ಲ. ಆದ್ದರಿಂದ ಇಲ್ಲಿ ಹಿಸ್ಟರಿ ಎಂದರೆ ಕಣ್ಣಾರೆ ಕಂಡವರ ಮಾತು. ಮಿದುಳಿನ ಎಂಆರ್‌ಐ ಸರಿಯಿದ್ದರೂ ಅಪಸ್ಮಾರ ಇರಬಹುದು. ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಇಇಜಿ ಸರಿಯಿದ್ದರೂ ಇರಬಹುದು. ಇಇಜಿಯಲ್ಲಿ ಚೂರು ವ್ಯತ್ಯಾಸ ಕಂಡ ಮಾತ್ರಕ್ಕೆ ಅಪಸ್ಮಾರ ಎನ್ನಲೂ ಆಗದು. ಹಾಗಿರುವಾಗ ನೋಡಿದವರನ್ನು ಕೇಳದೆ ತೀರ್ಮಾನಿಸುವುದು ಹೇಗೆ? ಎರಡು ಮೂರು ವರ್ಷ ಫಿಟ್ಸ್ ಮಾತ್ರೆ ನುಂಗಿ, ಗಾಡಿ ಓಡಿಸುವ ಕೆಲಸ ಬಿಟ್ಟು, ಗೊತ್ತಾಗಿದ್ದ ಸಂಬಂಧ ಮುರಿದುಹೋಗಿ ಬಂದ ಹುಡುಗರನ್ನು ನಾನು ನೋಡಿದ್ದೇನೆ. ಫೈಲಿನಲ್ಲಿ ಸ್ಕ್ಯಾನ್ ಇರುತ್ತದೆ, ರಕ್ತದ ವರದಿಗಳಿರುತ್ತವೆ. ಬಾಗಿಲ ಬಳಿ ನಿಂತ ತಾಯಿಯನ್ನು ಒಳಗೆ ಕರೆದು, "ಅಮ್ಮಾ, ಅವತ್ತು ಏನಾಯಿತು, ಮೊದಲಿಂದ ಹೇಳಿ" ಎಂದರೆ ಅವರು ಹೇಳುತ್ತಾರೆ: ಬೆಳಗಿನಿಂದ ಉಪವಾಸ, ಜಾತ್ರೆಯ ನೂಕುನುಗ್ಗಲಲ್ಲಿ ನಿಂತಿದ್ದ, ಕಣ್ಣು ಕತ್ತಲೆ ಬರುತ್ತಿದೆ ಎಂದ, ಮುಖ ಬಿಳುಚಿತು, ಬೆವರಿದ, ಮೆಲ್ಲಗೆ ಕುಸಿದ, ಎರಡು ಸಲ ಕೈ ಅದುರಿತು, ಅರ್ಧ ನಿಮಿಷದಲ್ಲಿ ಎದ್ದು ನೀರು ಕೇಳಿದ. ಇದು ಫಿಟ್ಸ್ ಆಗಿರುವ ಸಂಭವ ತೀರ ಕಡಿಮೆ. ನಿಂತಲ್ಲೇ ರಕ್ತದೊತ್ತಡ ಇಳಿದು ಬರುವ ಸಾಮಾನ್ಯ ಮೂರ್ಛೆ ಇದು. ಆ ತಾಯಿಯನ್ನು ಅಲ್ಲಿಯವರೆಗೆ ಯಾರೂ ಕೇಳಿಯೇ ಇರುವುದಿಲ್ಲ.

ಮಾತು ಕೇಳದೆ ಮಾಡಿಸಿದ ಪರೀಕ್ಷೆ ಬರಿಯ ಖರ್ಚು, ಅಪಾಯವೇನಿಲ್ಲ ಎಂದು ಭಾವಿಸುವವರಿದ್ದಾರೆ. ಇದು ಈ ಅಭಿಪ್ರಾಯದ ಅತಿ ಅಪಾಯದ ಭಾಗ, ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ. ಲ್ಯಾಬ್ ವರದಿಯ ಬಲಗಡೆ "ಸಾಮಾನ್ಯ ಮಟ್ಟ" ಎಂದು ಎರಡು ಅಂಕಿಗಳಿರುತ್ತವಲ್ಲ, ಅವನ್ನು ಸಾಮಾನ್ಯವಾಗಿ ಆರೋಗ್ಯವಂತರ ರಕ್ತದಿಂದ ಲೆಕ್ಕಹಾಕಿ, ಅವರಲ್ಲಿ ನೂರಕ್ಕೆ 95 ಜನ ಒಳಗೆ ಬರುವಂತೆ ಗುರುತಿಸಿರುತ್ತಾರೆ. ಅಂದರೆ ಯಾವ ರೋಗವೂ ಇಲ್ಲದ 5 ಜನ ಹೊರಗೆ ಬೀಳುವುದು ಆ ಲೆಕ್ಕದೊಳಗೇ ಇದೆ. ಒಂದಕ್ಕೊಂದು ಸಂಬಂಧವಿಲ್ಲದ 20 ಪರೀಕ್ಷೆಗಳನ್ನು ಪೂರ್ತಿ ಆರೋಗ್ಯವಂತನಿಗೆ ಮಾಡಿಸಿದರೆ ಒಂದಾದರೂ ಕೆಂಪಕ್ಷರದಲ್ಲಿ ಬರುವ ಸಂಭವ ನೂರಕ್ಕೆ 64. ಪ್ಯಾಕೇಜ್ ತಪಾಸಣೆಗಳಲ್ಲಿ ಅರವತ್ತು ಎಪ್ಪತ್ತು ಅಂಶಗಳಿರುತ್ತವೆ. ಅಲ್ಲಿ ಕೆಂಪಕ್ಷರ ಕಾಣದೆ ಮನೆಗೆ ಹೋಗುವವರು ಕಡಿಮೆ. ಆ ಕೆಂಪಕ್ಷರದ ಬೆನ್ನು ಹತ್ತಿ ಇನ್ನೊಂದು ಪರೀಕ್ಷೆ, ಅದರ ಬೆನ್ನು ಹತ್ತಿ ಮತ್ತೊಂದು ತಜ್ಞರ ಭೇಟಿ, ನಡುವೆ ನಿದ್ದೆಗೆಟ್ಟ ಮನೆಮಂದಿ. ರೋಗದ ಸುಳಿವಿಲ್ಲದವರಿಗೆ ಮಾಡುವ ಸಾಮಾನ್ಯ ತಪಾಸಣೆಗಳ ಪ್ರಯೋಗಗಳನ್ನೆಲ್ಲ ಒಟ್ಟುಹಾಕಿ ನೋಡಿದ ಕಾಕ್ರೇನ್ ವಿಮರ್ಶೆ 2019ರಲ್ಲಿ ಪರಿಷ್ಕೃತವಾಗಿ ಬಂತು. 17 ಪ್ರಯೋಗಗಳು, ಎರಡೂವರೆ ಲಕ್ಷ ಜನ. ಸಾವಿನ ಪ್ರಮಾಣದಲ್ಲಿ ಅಂಥ ತಪಾಸಣೆಯಿಂದ ವ್ಯತ್ಯಾಸ ಕಾಣಲಿಲ್ಲ.

ಬೆನ್ನುನೋವಿನವರ ಪಾಡು ಇನ್ನೊಂದು. 1994ರಲ್ಲಿ ಅಮೆರಿಕದಲ್ಲಿ ಬೆನ್ನುನೋವೇ ಇಲ್ಲದ 98 ಜನರಿಗೆ ಸೊಂಟದ ಎಂಆರ್‌ಐ ಮಾಡಿ ನೋಡಿದರು. ಅರ್ಧಕ್ಕಿಂತ ಹೆಚ್ಚು ಜನರ ಡಿಸ್ಕ್ ಒಂದು ಕಡೆಯಾದರೂ ಉಬ್ಬಿತ್ತು. ಎಲ್ಲ ಡಿಸ್ಕುಗಳೂ ಸರಿಯಾಗಿದ್ದವರು ನೂರಕ್ಕೆ 36 ಮಾತ್ರ. ಹಾಗಿದ್ದಮೇಲೆ ಅಡಿಕೆ ಮೂಟೆ ಹೊತ್ತು ಸೊಂಟ ಹಿಡಿದವನಿಗೆ ಎಂಆರ್‌ಐಯಲ್ಲಿ ಡಿಸ್ಕ್ ಉಬ್ಬಿರುವುದು ಕಂಡರೆ ಅದೇ ಅವನ ನೋವಿಗೆ ಕಾರಣ ಎನ್ನಲು ಏನು ಆಧಾರ? ಆಧಾರ ಸಿಗುವುದು ಅವನನ್ನು ಕೇಳಿದಾಗ: ನೋವು ಕಾಲಿಗೆ ಇಳಿಯುತ್ತದಾ, ಯಾವ ಬೆರಳಿನವರೆಗೆ, ಕೆಮ್ಮಿದರೆ ಏನಾಗುತ್ತದೆ, ಮೂತ್ರಕ್ಕೆ ತೊಂದರೆಯಿದೆಯಾ, ರಾತ್ರಿ ಮಲಗಿದರೂ ನೋವಿದೆಯಾ, ತೂಕ ಇಳಿದಿದೆಯಾ? ಜ್ವರದಲ್ಲಿ ಟೈಫಾಯ್ಡ್ ಪತ್ತೆಗೆಂದು ಮಾಡುವ ವೈಡಾಲ್ ಪರೀಕ್ಷೆಯದ್ದೂ ಇದೇ ಕಥೆ. ಟೈಫಾಯ್ಡ್ ಹೆಚ್ಚಿರುವ ನಮ್ಮಂಥ ಪ್ರದೇಶದಲ್ಲಿ ಹಳೆಯ ಸೋಂಕಿನಿಂದಲೋ ಬೇರೆ ಜ್ವರದಿಂದಲೋ ಅದು ಪಾಸಿಟಿವ್ ಬರಬಹುದು. ಒಂದೇ ಸಲ ಮಾಡಿದ ವೈಡಾಲ್ ನೋಡಿ ಎಷ್ಟು ಜನರಿಗೆ ಬೇಡದ ಆ್ಯಂಟಿಬಯಾಟಿಕ್ ಹೋಗಿದೆಯೋ ಲೆಕ್ಕವಿಟ್ಟವರಿಲ್ಲ. ವರದಿಗೆ ಅರ್ಥ ಬರುವುದು ಅದಕ್ಕೆ ಮೊದಲು ರೋಗಿಯ ಮಾತಿನಿಂದ ಹುಟ್ಟಿದ ಅನುಮಾನದಿಂದ. ಎಷ್ಟು ಬಲವಾದ ಅನುಮಾನವಿತ್ತು ಎಂಬುದರ ಮೇಲೆ ಅದೇ ಪಾಸಿಟಿವ್ ವರದಿ ಒಬ್ಬರಲ್ಲಿ ರೋಗವನ್ನು ಖಚಿತಪಡಿಸುತ್ತದೆ, ಇನ್ನೊಬ್ಬರಲ್ಲಿ ದಾರಿ ತಪ್ಪಿಸುತ್ತದೆ. ಸಂಭವನೀಯತೆಯ ಈ ಲೆಕ್ಕವನ್ನು ಎರಡನೇ ವರ್ಷದ ವಿದ್ಯಾರ್ಥಿಯೂ ಓದಿರುತ್ತಾನೆ. ವಾರ್ಡಿಗೆ ಬಂದ ಮೇಲೆ ಅದನ್ನು ಮರೆಸುವವರು ನಾವೇ, ಕಲಿಸುವವರು.

ಈಗ "ಟೈಮ್ ಎಲ್ಲಿದೆ?" ಎಂಬ ಮಾತಿಗೆ ಬರೋಣ. ಇದನ್ನು ಹೇಳುವವರಲ್ಲಿ ಪ್ರಾಮಾಣಿಕರೂ ಇದ್ದಾರೆ. ಬೆಳಗಿನಿಂದ ಮಧ್ಯಾಹ್ನದೊಳಗೆ ನೂರಕ್ಕೂ ಮೇಲೆ ಜನರನ್ನು ಒಬ್ಬರೇ ನೋಡಬೇಕಾದ ತಾಲೂಕು ಆಸ್ಪತ್ರೆಯ ವೈದ್ಯರ ಕಷ್ಟ ನನಗೆ ಗೊತ್ತಿದೆ. ವೈದ್ಯರು ರೋಗಿಗೆ ಕೊಡುವ ಸಮಯವನ್ನು 67 ದೇಶಗಳಲ್ಲಿ ಹೋಲಿಸಿದ ಅಧ್ಯಯನವೊಂದು 2017ರಲ್ಲಿ ಬಂತು. ಸ್ವೀಡನ್ನಿನಲ್ಲಿ ಇಪ್ಪತ್ತೆರಡೂವರೆ ನಿಮಿಷ, ಬಾಂಗ್ಲಾದೇಶದಲ್ಲಿ 48 ಸೆಕೆಂಡು, ನಮ್ಮಲ್ಲಿ ಸುಮಾರು ಎರಡು ನಿಮಿಷ. ಇದು ನಾಚಿಕೆಯ ಅಂಕಿ, ಇದಕ್ಕೆ ಸರ್ಕಾರಗಳು ಉತ್ತರ ಹೇಳಬೇಕು. ಆದರೆ ಸಮಯವಿಲ್ಲ ಎಂಬ ವಾದ ಎಲ್ಲರಿಗೂ ಸಲ್ಲುವುದಿಲ್ಲ, ಎಲ್ಲ ಕಡೆಯೂ ಸಲ್ಲುವುದಿಲ್ಲ.

ಮಧ್ಯಪ್ರದೇಶದಲ್ಲಿ ಸಂಶೋಧಕರು ತರಬೇತಿ ಕೊಟ್ಟ ಜನರನ್ನು ರೋಗಿಗಳಂತೆ ವೈದ್ಯರ ಬಳಿ ಕಳಿಸಿ, ಯಾರು ಏನೇನು ಕೇಳುತ್ತಾರೆ ಎಂದು ಗುರುತು ಹಾಕಿಸಿಕೊಂಡರು. ಸರ್ಕಾರಿ ಕೆಲಸದಲ್ಲಿದ್ದು ಖಾಸಗಿಯಾಗಿಯೂ ನೋಡುವ ವೈದ್ಯರನ್ನು ಎರಡೂ ಜಾಗಗಳಲ್ಲಿ ಹೀಗೆ ಪರೀಕ್ಷಿಸಿದರು. 2016ರಲ್ಲಿ ಪ್ರಕಟವಾದ ಆ ಅಧ್ಯಯನ ಕಂಡದ್ದು ಇದು: ಅದೇ ವೈದ್ಯರು, ಅದೇ ಕಾಯಿಲೆ, ಆದರೆ ತಮ್ಮ ಸ್ವಂತ ಕ್ಲಿನಿಕ್ಕಿನಲ್ಲಿ ಹೆಚ್ಚು ಹೊತ್ತು ಕೊಟ್ಟರು, ಹೆಚ್ಚು ಪ್ರಶ್ನೆ ಕೇಳಿದರು, ಸರಿಯಾದ ಚಿಕಿತ್ಸೆ ಕೊಡುವ ಸಂಭವವೂ ಅಲ್ಲಿ ಹೆಚ್ಚಿತ್ತು. ಹಾಗಾದರೆ ಏನು ಕೇಳಬೇಕು ಎಂದು ಅವರಿಗೆ ಗೊತ್ತಿದೆ. ಕೇಳಿದರೆ ಫಲ ಸಿಗುತ್ತದೆ ಎಂಬುದೂ ಗೊತ್ತಿದೆ. ಕಾಸಿಲ್ಲದೆ ಬಂದವರ ಮಾತಿಗೆ ಬೆಲೆ ಕೊಡದೆ ಇರುವುದನ್ನು ಸಮಯದ ಅಭಾವ ಎಂದು ಕರೆಯುತ್ತಿದ್ದೇವೆ.

ರೋಗಿಯನ್ನು ಮಾತಾಡಲು ಬಿಟ್ಟರೆ ನಿಲ್ಲಿಸುವುದೇ ಇಲ್ಲ ಎಂಬ ಹೆದರಿಕೆಯೂ ಇದೆ. 1984ರಲ್ಲಿ ಅಮೆರಿಕದ ಬೆಕ್‌ಮನ್ ಮತ್ತು ಫ್ರ್ಯಾಂಕೆಲ್ ಎಂಬ ಸಂಶೋಧಕರು 74 ಭೇಟಿಗಳನ್ನು ಧ್ವನಿಮುದ್ರಿಸಿ ಕೇಳಿದಾಗ ವೈದ್ಯರು ಸರಾಸರಿ 18 ಸೆಕೆಂಡಿಗೇ ರೋಗಿಯ ಮಾತನ್ನು ತಡೆದಿದ್ದರು. ಹೇಳಬೇಕೆಂದಿದ್ದನ್ನು ಹೇಳಿ ಮುಗಿಸಿದವರು ನಾಲ್ಕರಲ್ಲಿ ಒಬ್ಬರೂ ಇರಲಿಲ್ಲ. ತಡೆಯದಿದ್ದರೆ ಏನಾಗುತ್ತಿತ್ತು? ಅದಕ್ಕೆ ಉತ್ತರ 2002ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಿಂದ ಬಂತು. 335 ರೋಗಿಗಳನ್ನು ತಾವಾಗಿ ನಿಲ್ಲಿಸುವವರೆಗೂ ಮಾತಾಡಲು ಬಿಟ್ಟರು. ಸರಾಸರಿ 92 ಸೆಕೆಂಡು. ನೂರಕ್ಕೆ 78 ಜನ ಎರಡು ನಿಮಿಷದೊಳಗೆ ಮುಗಿಸಿದರು. ಐದು ನಿಮಿಷ ದಾಟಿದವರು 7 ಜನ, ಅವರು ಹೇಳಿದ್ದೂ ಕೇಳಬೇಕಾದ ಮಾತೇ ಎಂದು ವೈದ್ಯರು ಒಪ್ಪಿದರು. ಒಂದೂವರೆ ನಿಮಿಷ ಉಳಿಸಲು ಹೋಗಿ ರೋಗಿ ಅದೇ ತೊಂದರೆಗೆ ಮೂರು ಸಲ, ನಾಲ್ಕು ಸಲ ಮರಳಿ ಬರುವಂತೆ ಮಾಡುತ್ತೇವೆ. ಆ ಭೇಟಿಗಳ ಸಮಯವನ್ನು ಯಾರ ಖಾತೆಗೆ ಬರೆಯೋಣ?

"ನಮ್ಮ ಜನಕ್ಕೆ ಸರಿಯಾಗಿ ಹೇಳಲು ಬರುವುದಿಲ್ಲ" ಎಂಬುದು ನನಗೆ ಅತಿ ನೋವು ಕೊಡುವ ಮಾತು. ಓದಿಲ್ಲದವರು, ಹಳ್ಳಿಯವರು, ಗೊಂದಲದವರು ಎಂದು ಹೇಳಿ ಅವರ ಮಾತನ್ನು ಪಕ್ಕಕ್ಕೆ ಸರಿಸುವುದು. ಹೀಗೆನ್ನುವವರು ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನ ಚರಿತ್ರೆ ಓದಲಿ. 1957ರಲ್ಲಿ ಅಲ್ಲಿ ಮಂಗಗಳು ಸಾಯುತ್ತಿದ್ದವು, ಕಾಡಿಗೆ ಹೋಗಿಬರುವ ಜನ ಜ್ವರ ಹಿಡಿದು ಮಲಗುತ್ತಿದ್ದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಬಂದು ವೈರಸ್ ಬೇರ್ಪಡಿಸಿದರು. ಹಳದಿ ಜ್ವರ ಏಷ್ಯಾಕ್ಕೆ ಬಂದುಬಿಟ್ಟಿತೇ ಎಂದು ಮೊದಲು ಗಾಬರಿಯಾಗಿತ್ತು. ನೋಡಿದರೆ ಅದು ರಷ್ಯಾದ ಉಣುಗಿನಿಂದ ಬರುವ ಮಿದುಳುಜ್ವರದ ವೈರಸ್ಸಿಗೆ ನೆಂಟ. ಮಂಗನ ಸಾವಿಗೂ ಮನುಷ್ಯನ ಜ್ವರಕ್ಕೂ ಇರುವ ನಂಟು ಆ ಊರಿನವರ ಬಾಯಲ್ಲಿತ್ತು. ರೋಗಕ್ಕೆ ಅವರಿಟ್ಟ ಮಂಗನ ಕಾಯಿಲೆ ಎಂಬ ಹೆಸರಿನಲ್ಲೇ ಅರ್ಧ ಹಿಸ್ಟರಿ ಇದೆ.

ಇವತ್ತಿಗೂ ಮಲೆನಾಡಿನಲ್ಲಿ ಡಿಸೆಂಬರ್ ಕಳೆದು ಮೇ ತಿಂಗಳವರೆಗೆ ಜ್ವರ, ಮೈಕೈ ನೋವು, ಪ್ಲೇಟ್‌ಲೆಟ್ ಇಳಿಕೆ ಎಂದು ಬಂದವರಿಗೆ ಡೆಂಗಿ ಪರೀಕ್ಷೆ ಮಾಡಿ ನೆಗೆಟಿವ್ ಬಂದರೆ "ವೈರಲ್ ಜ್ವರ" ಎಂದು ಮುಗಿಸಿಬಿಡುವ ಅಪಾಯವಿದೆ. ಮಂಗನ ಕಾಯಿಲೆಯ ಪರೀಕ್ಷೆ ಯಾವುದೇ ಪ್ಯಾಕೇಜಿನಲ್ಲಿ ತಾನಾಗಿ ಬರುವುದಿಲ್ಲ. ವೈದ್ಯರಿಗೆ ಅನುಮಾನ ಬಂದು, ರಕ್ತ ಕಳಿಸಬೇಕು. ಅನುಮಾನ ಬರಬೇಕಾದರೆ ಕೇಳಬೇಕು: ಕೊಟ್ಟಿಗೆಗೆ ಒಣಗಿದೆಲೆ ತರಲು ಕಾಡಿಗೆ ಹೋಗಿದ್ದಿರಾ? ಮೈಮೇಲೆ ಉಣುಗು ಕಂಡಿತ್ತಾ? ನಿಮ್ಮ ಕಡೆ ಮಂಗ ಸತ್ತಿದ್ದು ಕೇಳಿದ್ದೀರಾ? ಗದ್ದೆಯ ಕೆಸರಿನಲ್ಲಿ ನಿಂತು ಕೆಲಸ ಮಾಡಿದವರ ಕಾಲಿನ ಗಾಯದ ಬಗ್ಗೆ ಕೇಳದಿದ್ದರೆ ಇಲಿಜ್ವರವೂ ಹೀಗೆಯೇ ಕೈತಪ್ಪುತ್ತದೆ. ಇಟಲಿಯ ಬರ್ನಾರ್ಡಿನೊ ರಮಾಝ್ಝಿನಿ 1700ರಲ್ಲಿ ಪ್ರಕಟಿಸಿದ ಕಸುಬುದಾರರ ರೋಗಗಳ ಗ್ರಂಥದಲ್ಲಿ, ಹಿಪ್ಪೊಕ್ರೆಟಿಸ್ ಕೇಳಬೇಕೆಂದ ಪ್ರಶ್ನೆಗಳ ಸಾಲಿಗೆ "ನಿಮ್ಮ ಕಸುಬೇನು?" ಎಂಬುದನ್ನೂ ಸೇರಿಸಬೇಕೆಂದು ಬರೆದ. ಮುನ್ನೂರು ವರ್ಷ ದಾಟಿದವು. ನಮ್ಮ ಎಷ್ಟು ಕೇಸ್ ಶೀಟುಗಳಲ್ಲಿ ಕಸುಬಿನ ಎದುರು "ಕೂಲಿ" ಎಂದು ಬರೆದು ಬಿಟ್ಟಿರುತ್ತೇವೆ! ಯಾವ ಕೂಲಿ? ಕಲ್ಲು ಕ್ವಾರಿಯದೋ, ತೋಟಕ್ಕೆ ಔಷಧಿ ಹೊಡೆಯುವುದೋ, ಒಳಚರಂಡಿಯದೋ? ಶ್ವಾಸಕೋಶಕ್ಕೆ ಆ ವ್ಯತ್ಯಾಸ ಗೊತ್ತಾಗುತ್ತದೆ.

ಹೇಳಲು ಬರುವುದಿಲ್ಲ ಎನ್ನುವ ಕಡೆ ಬಹಳ ಸಲ ಕೇಳುವವರಿಗೆ ಅವರ ಮಾತು ಬರುವುದಿಲ್ಲ. ಬೇರೆ ರಾಜ್ಯಗಳಿಂದ ಓದಲು ಬಂದ ವಿದ್ಯಾರ್ಥಿಗಳು, ಪಿಜಿಗಳು ಕಲಬುರಗಿಯ ಅಥವಾ ಚಾಮರಾಜನಗರದ ಅಜ್ಜಿಯ ಮಾತನ್ನು ಆಯಾಳ ಮೂಲಕವೋ ಪಕ್ಕದ ಹಾಸಿಗೆಯವರ ಮೂಲಕವೋ ಕೇಳುತ್ತಾರೆ. ಅಜ್ಜಿ ಎರಡು ನಿಮಿಷ ಹೇಳಿದ್ದು ಡಾಕ್ಟರರ ಕಿವಿಗೆ ಬರುವಾಗ "ಹೊಟ್ಟೆನೋವಂತೆ" ಎಂಬ ಒಂದು ಪದವಾಗಿರುತ್ತದೆ. 2019ರಿಂದ ಬಂದ ಹೊಸ ಎಂಬಿಬಿಎಸ್ ಪಠ್ಯಕ್ರಮದ ಆರಂಭಿಕ ತರಗತಿಗಳಲ್ಲಿ ಸ್ಥಳೀಯ ಭಾಷೆಗೂ ಜಾಗವಿದೆ. ಅಷ್ಟರಿಂದ ಆಗುವುದಿಲ್ಲ. ವಾರ್ಡಿನಲ್ಲಿ ಪಾಠ ಹೇಳುವವರು ಕನ್ನಡದಲ್ಲೇ ಕೇಳಿಸಿ, ಕನ್ನಡದಲ್ಲಿ ಬಂದ ಉತ್ತರವನ್ನೇ ಬರೆಸಬೇಕು.

ಹೆಣ್ಣುಮಕ್ಕಳ ವಿಷಯದಲ್ಲಿ ಇದು ಇನ್ನೂ ಗಂಭೀರ. ರೋಗಿ ಸೊಸೆ, ಉತ್ತರ ಕೊಡುವವರು ಅತ್ತೆ. ರೋಗಿ ಹೆಂಡತಿ, ಮಾತಾಡುವವನು ಗಂಡ. ಬಿಳಿಸೆರಗು, ಗರ್ಭಪಾತ, ಗಂಡನ ಹೊಡೆತ, ಬದುಕು ಸಾಕೆನಿಸಿದ ರಾತ್ರಿ, ಇವುಗಳಲ್ಲಿ ಒಂದನ್ನೂ ಆಕೆ ಅವರೆದುರು ಹೇಳಲಾರಳು. "ಸ್ವಲ್ಪ ಹೊರಗಿರಿ" ಎಂದು ಮನೆಯವರಿಗೆ ಹೇಳುವುದು ಹಿಸ್ಟರಿಯ ಭಾಗ. 2008ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟ ಪ್ರಕರಣದಲ್ಲಿ ಹೊಟ್ಟೆಯೊಳಗೆ ಉಪಕರಣ ಹಾಕಿ ನೋಡುವ ಪರೀಕ್ಷೆಗೆಂದು ಒಳಹೋದ ಮಹಿಳೆಗೆ ಅರಿವಳಿಕೆಯಲ್ಲಿದ್ದಾಗಲೇ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ, ಅಂಡಾಶಯಗಳನ್ನು ತೆಗೆದಿದ್ದರು. ವಯಸ್ಕ ರೋಗಿಯ ಬದಲು ತಾಯಿ ಕೊಟ್ಟ ಒಪ್ಪಿಗೆ ಒಪ್ಪಿಗೆಯಲ್ಲ ಎಂದು ಕೋರ್ಟು ಹೇಳಿತು. ರೋಗಿಯನ್ನು ಬಿಟ್ಟು ಜೊತೆಗೆ ಬಂದವರೊಡನೆ ಮಾತಾಡುವ ನಮ್ಮ ಅಭ್ಯಾಸ ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಕೇಳುವುದರಷ್ಟೇ ತೂಕ ಹೇಳುವುದಕ್ಕೂ ಇದೆ. ವೈದ್ಯರು ಹೇಳಿದ್ದರಲ್ಲಿ ನೂರಕ್ಕೆ 40ರಿಂದ 80ರಷ್ಟನ್ನು ರೋಗಿಗಳು ಕೂಡಲೇ ಮರೆಯುತ್ತಾರೆ ಎಂದು ಈ ಬಗ್ಗೆ ನಡೆದ ಅಧ್ಯಯನಗಳು ತೋರಿಸಿವೆ. ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ಮಾತ್ರೆಯನ್ನು ವಾರಕ್ಕೊಂದು ಸಲ ತೆಗೆದುಕೊಳ್ಳಬೇಕು. ಉಳಿದ ಮಾತ್ರೆಗಳ ಹಾಗೆ ದಿನವೂ ನುಂಗಿದರೆ ಬಾಯಿ ಹುಣ್ಣಾಗಿ, ಮೂಳೆಯೊಳಗೆ ರಕ್ತ ಹುಟ್ಟುವುದು ನಿಂತು ಪ್ರಾಣವೇ ಹೋಗಬಹುದು. ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಸರಿಯಾಗಿಯೇ ಬರೆದಿರುತ್ತದೆ. "ಗೊತ್ತಾಯ್ತಾ?" ಎಂದರೆ "ಆಯ್ತು ಸಾರ್" ಎನ್ನುತ್ತಾರೆ, ಯಾಕೆಂದರೆ ದೊಡ್ಡವರೆದುರು ಗೊತ್ತಾಗಲಿಲ್ಲ ಎನ್ನುವುದು ನಮ್ಮಲ್ಲಿ ರೂಢಿಯಿಲ್ಲ. "ಮನೆಗೆ ಹೋದ ಮೇಲೆ ಈ ಮಾತ್ರೆ ಹೇಗೆ ತಗೊಳ್ತೀರಿ, ನನಗೊಮ್ಮೆ ಹೇಳಿ" ಎಂದು ಕೇಳಿದರೆ ಮಾತ್ರ ತಪ್ಪು ತಿಳಿದದ್ದು ಹೊರಬೀಳುತ್ತದೆ. ಇದನ್ನು ಮೃದು ಕೌಶಲ ಎಂದು ಕರೆಯುವವರು ಒಮ್ಮೆ ಇಂಥ ರೋಗಿಯನ್ನು ಐಸಿಯುನಲ್ಲಿ ನೋಡಿಕೊಳ್ಳಲಿ.

ಅಮೆರಿಕದಲ್ಲಿ 1997ರಲ್ಲಿ ವೆಂಡಿ ಲೆವಿನ್‌ಸನ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನವನ್ನು ಆಸ್ಪತ್ರೆ ನಡೆಸುವವರಾದರೂ ಓದಬೇಕು. ಪ್ರಾಥಮಿಕ ಚಿಕಿತ್ಸೆಯ ವೈದ್ಯರಲ್ಲಿ ರೋಗಿಗಳು ಮೊಕದ್ದಮೆ ಹೂಡದವರ ಭೇಟಿ ಸರಾಸರಿ 18 ನಿಮಿಷ, ಮೊಕದ್ದಮೆ ಎದುರಿಸಿದವರದ್ದು 15 ನಿಮಿಷ. ಮೊದಲಿನವರು ಮುಂದೆ ಏನು ಮಾಡುತ್ತೇನೆಂದು ತಿಳಿಸುತ್ತಿದ್ದರು, ರೋಗಿಯ ಅಭಿಪ್ರಾಯ ಕೇಳುತ್ತಿದ್ದರು, ಅರ್ಥವಾಯಿತೇ ಎಂದು ನೋಡುತ್ತಿದ್ದರು. ನಮ್ಮ ರಾಜ್ಯದಲ್ಲಿ ವೈದ್ಯರ ಮೇಲಿನ ಹಲ್ಲೆ ತಡೆಯಲು 2009ರಿಂದ ಕಾನೂನಿದೆ. ಹಲ್ಲೆಗೆ ಯಾವ ಸಮರ್ಥನೆಯೂ ಇಲ್ಲ, ಆ ಕಾನೂನು ಬೇಕು. ಆದರೆ ಐಸಿಯುವಿನ ಬಾಗಿಲ ಹೊರಗೆ ಮೂರು ದಿನ ಕೂತ ಮನೆಯವರಿಗೆ ದಿನಕ್ಕೆ ಹತ್ತು ನಿಮಿಷ ಕೂತು ಯಾರೂ ಹೇಳದಿದ್ದಾಗ ಹುಟ್ಟುವ ಅನುಮಾನವನ್ನು ಕಾನೂನು ತೆಗೆಯಲಾರದು.

ತಪ್ಪು ವೈದ್ಯರದ್ದೊಂದೇ ಅಲ್ಲ. "ಬರೀ ಮಾತಾಡಿಸಿ ಕಳಿಸಿದ್ರು, ಒಂದು ಸ್ಕ್ಯಾನಿಂಗೂ ಇಲ್ಲ" ಎಂದು ಬೇಸರಪಟ್ಟು ಬೇರೆ ಆಸ್ಪತ್ರೆಗೆ ಹೋಗುವವರು ನಾವೇ. ಆಸ್ಪತ್ರೆ ವಿಮೆಗಳಲ್ಲಿ, ಸರ್ಕಾರದ ಆರೋಗ್ಯ ಯೋಜನೆಗಳ ಪ್ಯಾಕೇಜುಗಳಲ್ಲಿ ಶಸ್ತ್ರಚಿಕಿತ್ಸೆಗೆ ದರವಿದೆ, ಸ್ಟೆಂಟಿಗೆ ದರವಿದೆ. ಮುಕ್ಕಾಲು ಗಂಟೆ ಕೂತು ಕೇಳಿ, ಇದಕ್ಕೆ ಶಸ್ತ್ರಚಿಕಿತ್ಸೆ ಬೇಡ ಎಂದು ತೀರ್ಮಾನಿಸಿದವರಿಗೆ ದರವಿಲ್ಲ. ಕಿಡ್ನಿಯ ಸ್ಥಿತಿ ತೋರಿಸುವ ಕ್ರಿಯೆಟಿನಿನ್ ಏರಿದ್ದಕ್ಕೆ ಇನ್ನೊಂದು ಸ್ಕ್ಯಾನ್ ಬರೆಯುವುದರಲ್ಲಿ ಎಲ್ಲರಿಗೂ ಲಾಭ. ಮಂಡಿನೋವಿಗೆಂದು ವರ್ಷಗಟ್ಟಲೆ ಮೆಡಿಕಲ್ ಶಾಪಿನಿಂದ ತಂದು ನುಂಗಿದ ನೋವಿನ ಮಾತ್ರೆಯ ಬಗ್ಗೆ ಕೇಳಿ ನಿಲ್ಲಿಸಿದರೆ ರೋಗಿಯ ಕಿಡ್ನಿಗೆ ಮಾತ್ರ ಲಾಭ. ಈಗ ಕೃತಕ ಬುದ್ಧಿಮತ್ತೆಯೇ ಹಿಸ್ಟರಿ ತೆಗೆದುಕೊಳ್ಳುತ್ತದೆ, ನೀವು ಚಿಂತಿಸಬೇಡಿ ಎನ್ನುವವರೂ ಬಂದಿದ್ದಾರೆ. ಅದು ಬರೆದುಕೊಳ್ಳಲಿ, ನನ್ನ ತಕರಾರಿಲ್ಲ. ಗಂಡ ಕೋಣೆಯಲ್ಲಿದ್ದಾನೆಂದು ಆಕೆ ಮಾತು ನುಂಗಿದ್ದನ್ನು ಗಮನಿಸಿ ಅವನನ್ನು ಹೊರಗೆ ಕಳಿಸುವ ಕೆಲಸ ಎದುರು ಕೂತ ವೈದ್ಯರದ್ದೇ ಆಗಿ ಉಳಿಯುತ್ತದೆ.

ಎಂಬಿಬಿಎಸ್‌ನಲ್ಲಿ 2019ರಿಂದ ನಡತೆ, ನೀತಿ, ಸಂವಹನ ಕಲಿಸುವ ಪಾಠಗಳು ಬಂದಿವೆ. ಬಂದದ್ದು ಒಳ್ಳೆಯದು. ಆದರೆ ಅವು ಬಹಳ ಕಡೆ ಉಪನ್ಯಾಸ ಕೋಣೆಯಲ್ಲಿ ಸ್ಲೈಡುಗಳಾಗಿ ಮುಗಿಯುತ್ತವೆ. ಹೌಸ್ ಸರ್ಜನ್ ಆದ ಮೇಲೆ ಇಡೀ ವರ್ಷ ನೀಟ್ ಪಿಜಿಯ ಬಹು ಆಯ್ಕೆಯ ಪ್ರಶ್ನೆಗಳ ಹಿಂದೆ ಹೋಗುತ್ತದೆ. ಆ ಪರೀಕ್ಷೆಯಲ್ಲಿ ಹಿಸ್ಟರಿ ಮೊದಲೇ ಅಚ್ಚಾಗಿ ಬಂದಿರುತ್ತದೆ, ಸುಳ್ಳಿಲ್ಲ, ಮರೆವಿಲ್ಲ, ಸಂಕೋಚವಿಲ್ಲ, ನಾಲ್ಕು ಉತ್ತರಗಳಲ್ಲಿ ಒಂದಕ್ಕೆ ಗುರುತು ಹಾಕಿದರೆ ಸಾಕು. ಹಾಸಿಗೆಯ ಬಳಿ ರೋಗಿ ಹಾಗೆ ಸಿಗುವುದಿಲ್ಲ. ಅಂತಿಮ ವರ್ಷದ ಪರೀಕ್ಷೆಯಲ್ಲೂ ವಿದ್ಯಾರ್ಥಿ ಹಿಸ್ಟರಿ ತೆಗೆದುಕೊಳ್ಳುವಾಗ ಪರೀಕ್ಷಕರು ಬಹುತೇಕ ಅಲ್ಲಿರುವುದಿಲ್ಲ. ಅವನು ಬರೆದು ತಂದದ್ದನ್ನು ಒಪ್ಪಿಸುವುದಷ್ಟನ್ನೇ ಕೇಳುತ್ತೇವೆ. ರೋಗಿಯ ಹೆಸರು ಹಿಡಿದು ಮಾತಾಡಿಸಿದನೋ, ಎಷ್ಟು ಸಲ ತಡೆದನೋ, ಅಳುವಾಗ ಏನು ಮಾಡಿದನೋ, ಹೇಳಿದ್ದೇ ಒಂದು ಬರೆದದ್ದೇ ಒಂದೋ, ನಮಗೆ ಗೊತ್ತಾಗುವುದೇ ಇಲ್ಲ. ಪರೀಕ್ಷಕರು ಹಾಸಿಗೆಯ ಪಕ್ಕ ಕೂತು ಆ ಇಡೀ ಮಾತುಕತೆಯನ್ನು ನೋಡಬೇಕು, ಅದಕ್ಕೆ ಪ್ರತ್ಯೇಕ ಅಂಕ ಇರಬೇಕು, ಅದರಲ್ಲಿ ನಪಾಸಾದವರು ಉಳಿದೆಲ್ಲದರಲ್ಲಿ ನೂರು ತೆಗೆದರೂ ಪಾಸಾಗಬಾರದು. ವಾರ್ಡಿನಿಂದ ಹೋಗುವ ಪ್ರತಿ ಸ್ಕ್ಯಾನಿಂಗ್ ಚೀಟಿಯಲ್ಲಿ ರೋಗಿ ಹೇಳಿದ ಯಾವ ಮಾತಿನಿಂದ ಯಾವ ಅನುಮಾನ ಬಂತು ಎಂದು ಎರಡು ಸಾಲು ಬರೆದಿರಬೇಕು; ಬರೆದಿರದಿದ್ದರೆ ರೇಡಿಯಾಲಜಿಯವರು ಚೀಟಿ ವಾಪಸ್ ಕಳಿಸುವ ಅಧಿಕಾರ ಪಡೆಯಬೇಕು.